ಮಣ್ಣಿನ ಕೈ, ಮೊಸರನ್ನದ ಕೈ

ಉಗುರಿನಡಿಯ ಮಣ್ಣು ಹಳೆಯ ಬಾಡಿಗೆದಾರನಿದ್ದಂತೆ. ಒಮ್ಮೆ ಒಳಹೊಕ್ಕರೆ ಯಾವ ನೋಟೀಸಿಗೂ ಜಗ್ಗುವುದಿಲ್ಲ. ಸೋಪು ಹಾಕಿ ತಿಕ್ಕಿದರೆ ಅಂಗೈಯ ಮಣ್ಣು ವಿನಯದಿಂದ ಇಳಿದುಹೋಗುತ್ತದೆ, ಉಗುರಿನ ಮಣ್ಣು ಮಾತ್ರ ಕಪ್ಪು ಅರ್ಧಚಂದ್ರವಾಗಿ ಅಲ್ಲೇ ಉಳಿದು ನಮ್ಮನ್ನೇ ದಿಟ್ಟಿಸುತ್ತದೆ. ಯಲಹಂಕ ನ್ಯೂ ಟೌನಿನ ನಮ್ಮ ಮನೆಯ ತಾರಸಿಯಲ್ಲಿ ಬಸಳೆ, ಮೆಂತ್ಯ, ದೊಡ್ಡಪತ್ರೆ ಹಾಗೂ ಕಾಯಿ ಬಿಡುವ ವಿಷಯದಲ್ಲಿ ಇನ್ನೂ ನಿರ್ಧಾರಕ್ಕೆ ಬಾರದ ಒಂದು ನಿಂಬೆಗಿಡದ ಸೇವೆಯಲ್ಲಿ ನಿವೃತ್ತಜೀವನ ಸವೆಸುತ್ತಿರುವ ನಾನು, ಈ ಚಂದ್ರರನ್ನು ಬಹುಕಾಲ ಪದಕಗಳಂತೆ ಧರಿಸಿ ಓಡಾಡಿದ್ದೇನೆ. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ನನ್ನ ಬೆರಳುಗಳ ಕಡೆ ಕಣ್ಣು ಹಾಯಿಸಿದರೆ "ಸ್ವಲ್ಪ ಕೃಷಿ" ಎಂದು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಕೈಗವಸು ಹಾಕಿಕೊಳ್ಳಬಾರದೇ ಎಂದು ಕೇಳುವ ಹಿತೈಷಿಗಳಿಗೆ, ಗವಸು ತೊಟ್ಟು ಮಣ್ಣು ಮುಟ್ಟುವುದು ಗಾಜಿನ ಆಚೆಯಿಂದ ಜಾಮೂನು ನೆಕ್ಕಿದಂತೆ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಈ ಗರ್ವಕ್ಕೆ ಭಂಗ ಬಂದದ್ದು ಕಳೆದ ಆಷಾಢದಲ್ಲಿ. ನನ್ನ ಹೆಂಡತಿ ಸರೋಜ ಓಲ್ಡ್ ಟೌನಿನಲ್ಲಿ ಬಸ್ಸಿಳಿಯುವಾಗ ಕಾಲು ಜಾರಿ ಬಿದ್ದು, ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಮೊಣಕೈಯಿಂದ ಬೆರಳ ಬುಡದವರೆಗೂ ಬಿಳಿಯ ಕಟ್ಟು; ಕಟ್ಟಿನ ತುದಿಯಲ್ಲಿ ಊದಿದ ಬೆರಳುಗಳು, ಅವುಗಳ ಉಗುರಿನಲ್ಲಿ ಒಗ್ಗರಣೆಯ ಅರಿಶಿನ. ಚಮಚ ಕೊಟ್ಟರೆ "ಔಷಧಿ ಕುಡ್ದಂಗಾಗುತ್ತೆ" ಎಂದಳು. ಎಡಗೈಯಲ್ಲಿ ಹೂವನ್ನೂ ಇಸಿದುಕೊಳ್ಳದ ಹೆಂಗಸು ಎಡಗೈಯಲ್ಲಿ ಊಟ ಮಾಡುವಳೇ? ಹೀಗಾಗಿ ಮಕ್ಕಳಿಗೆ ಕೊಡುವಂತೆ ಕಲಸಿ ಕೈತುತ್ತು ಕೊಡುವ ಪದವಿ ಅವಿರೋಧವಾಗಿ ನನಗೆ ಬಂತು.

ಪದವಿ ಬಂತು, ಊಟ ಸಾಗಲಿಲ್ಲ. ಮೊದಲ ದಿನ ಎರಡು ತುತ್ತಿಗೆ "ಸಾಕು ರೀ, ಹಸಿವಿಲ್ಲ" ಎಂದಳು. ಮರುದಿನವೂ ಅಷ್ಟೇ. ನೋವಿನ ಮಾತ್ರೆ ಖಾಲಿ ಹೊಟ್ಟೆಗೆ ಬೀಳಬಾರದೆಂದು ವೈದ್ಯರು ಹೇಳಿದ್ದರು. ಅವಳೋ ದಿನದಿಂದ ದಿನಕ್ಕೆ ಇಳಿದುಹೋಗಿ, ಎಡಗೈಯ ಬಳೆಗಳು ಮೊಣಕೈತನಕ ಸಲೀಸಾಗಿ ಸಂಚಾರ ಹೊರಟಿದ್ದವು. ಊರಿಗೆಲ್ಲ ಬಡಿಸಿದವಳಿಗೆ ಗಂಡನೆದುರು ಬಾಯಿ ತೆರೆದು ಕೂರುವ ಸಂಕೋಚ ಎಂಬುದು ನನಗೆ ತಿಳಿಯದಿರಲಿಲ್ಲ. ಆದರೆ ಬಾಯಿ ತೆರೆಯುವ ಮುನ್ನ ಅವಳ ದೃಷ್ಟಿ ಒಂದು ಕ್ಷಣ ನನ್ನ ಹೆಬ್ಬೆರಳಿನ ಮೇಲೆ ನಿಲ್ಲುತ್ತಿದ್ದುದೂ ಸುಳ್ಳಲ್ಲ. ಸಂಕೋಚಕ್ಕೆ ನಾನೇನೂ ಮಾಡಲಾರೆ, ಉಗುರಿಗೆ ಮಾಡಬಹುದಿತ್ತು.

ಪಕ್ಕದ ಮನೆಯ ನಂಜುಂಡಯ್ಯನವರು ನಿವೃತ್ತ ಪಶುವೈದ್ಯರು. ಕಾಂಪೌಂಡಿನ ಮೇಲಿಂದ ಕೈ ಚಾಚಿದೆ. ಕನ್ನಡಕ ಏರಿಸಿ ಬಹುಹೊತ್ತು ನೋಡಿದರು.

"ಹಸು ಗೊರಸು ನೋಡಿದೀನಿ, ಎಮ್ಮೆ ಗೊರಸು ನೋಡಿದೀನಿ. ಇಂಥದ್ದು ನಮ್ಮ ಸರ್ವೀಸಲ್ಲೇ ಬಂದಿರ್ಲಿಲ್ಲ ಬಿಡಿ."

ಈ ಪ್ರಶಸ್ತಿಪತ್ರದ ನಂತರ ಚಿಕಿತ್ಸೆ ಹೇಳಿದರು: ಉಗುರನ್ನು ಗಿಡ್ಡಕ್ಕೆ ಕತ್ತರಿಸಬೇಕು, ಆದರೆ ಅಂಚಿನ ಚರ್ಮ ಕೀಳಬಾರದು, ಕಿತ್ತರೆ ಉಗುರುಸುತ್ತು ಕಾದಿರುತ್ತದೆ, ಗೊಬ್ಬರ ಮುಟ್ಟುವಾಗ ಮರ್ಯಾದೆಯಾಗಿ ಗವಸು ಹಾಕಬೇಕು, ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ಷು, ಒರೆಸಿಕೊಂಡು ಒಂದು ತೊಟ್ಟು ಕೊಬ್ಬರಿಎಣ್ಣೆ. ಎಲ್ಲಕ್ಕಿಂತ ಮುಖ್ಯ, ಮಣ್ಣಿಗೆ ಇಳಿಯುವ ಮುಂಚೆ ಒದ್ದೆ ಸೋಪನ್ನು ಹತ್ತೂ ಉಗುರಿನಿಂದ ಕೆರೆಯಬೇಕು.

"ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡೀತಾರಲ್ಲ ಸಾರ್, ಹಂಗೆ. ಮಣ್ಣು ಬರೋ ಹೊತ್ಗೆ ಸೋಪು ಕೂತಿರ್ಬೇಕು. ಆಮೇಲೆ ತೊಳುದ್ರೆ ಎರಡೂ ಒಟ್ಗೇ ಇಳ್ದೋಗ್ತವೆ."

ಮರುದಿನ ಬೆಳಿಗ್ಗೆ ಹಿಂದಿನ ಮಣ್ಣನ್ನೆಲ್ಲ ಬ್ರಷ್ಷಿನಿಂದ ತೆರವುಗೊಳಿಸಿ, ಗಂಧದ ಸೋಪನ್ನು ಯಜ್ಞದೀಕ್ಷಿತನ ಶ್ರದ್ಧೆಯಿಂದ ಕೆರೆದು, ತಾರಸಿಯ ಮೆಟ್ಟಿಲಿಗೆ ಕಾಲಿಟ್ಟೆನೋ ಇಲ್ಲವೋ, ಒಳಗಿನಿಂದ ಕರೆ ಬಂತು.

"ರೀ, ಮಾತ್ರೆ ತಗೋಬೇಕು. ಒಂದ್ ತುತ್ತು ಕೊಟ್ಟು ಹೋಗಿ."

ಅವಳಾಗಿಯೇ ಕೇಳಿದ್ದು ಅದೇ ಮೊದಲು. ಸಂಭ್ರಮದಲ್ಲಿ ನಲ್ಲಿಗೆ ಕೈ ತೋರಿಸಿದ ಶಾಸ್ತ್ರ ಮಾಡಿ, ಮೊಸರನ್ನ ಕಲಸಿ ಎದುರಿಗೆ ಕೂತೆ. ಅವಳು ಹೆಬ್ಬೆರಳು ನೋಡಿದಳು. ಬೆಳ್ಳಗೆ, ನಿಷ್ಕಳಂಕ. ಹುಬ್ಬು ಏರಿತು, ಬಾಯಿ ತೆರೆಯಿತು. ಅಗಿದಳು. ನಿಲ್ಲಿಸಿದಳು.

"ಒಗ್ಗರಣೆಗೆ ಏನ್ ಹಾಕಿದೀರಿ?"

"ಸಾಸಿವೆ, ಇಂಗು."

"ಇದು ಇಂಗಲ್ಲ ರೀ. ಬಚ್ಚಲುಮನೆ."

ಸಂಶೋಧಕನ ಗಾಂಭೀರ್ಯದಿಂದ ನಾನೂ ಒಂದು ತುತ್ತು ಬಾಯಿಗಿಟ್ಟೆ. ಮೊಸರಿಗೆ ಸೀಟು ಬಿಟ್ಟುಕೊಟ್ಟು ಸೋಪು ಎದ್ದು ಬಂದಿತ್ತು. ನನ್ನ ತುಟಿಯಂಚಿನಲ್ಲಿ ನೊರೆ ಕಂಡ ಸರೋಜ ನಗತೊಡಗಿದಳು. ಅವಳು ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ಕೇಳಿರದ ನಗು. ಕಟ್ಟು ಹಾಕಿದ ಕೈಯನ್ನು ಮಗುವಿನಂತೆ ಎದೆಗವಚಿಕೊಂಡು "ನಗಿಸ್ಬೇಡಿ, ನೋಯತ್ತೆ" ಎನ್ನುತ್ತಲೇ ಇನ್ನಷ್ಟು ನಕ್ಕಳು. ಆಮೇಲೆ ಅವಳೇ ನನ್ನನ್ನು ಸಿಂಕಿನ ಬಳಿಗೆ ನಡೆಸಿಕೊಂಡು ಹೋಗಿ ಮೇಲ್ವಿಚಾರಣೆಗೆ ನಿಂತಳು. "ಕಿರುಬೆರಳು. ಹ್ಞೂಂ. ಹೆಬ್ಬೆಟ್ಟು ಇನ್ನೊಂದ್ಸಲ." ಎರಡನೆಯ ಬಾರಿ ಕಲಸಿದ ಮೊಸರನ್ನ ಪೂರ್ತಿ ಖಾಲಿಯಾಯಿತು. ಎದುರು ಕೂತವನು ತನಗಿಂತ ಹೆಚ್ಚು ನಗೆಪಾಟಲಾದಾಗ ಬಾಯಿ ತೆರೆಯುವುದು ಅಷ್ಟು ಕಷ್ಟವಲ್ಲವೆಂದು ಕಾಣುತ್ತದೆ.

ಅಲ್ಲಿಂದ ಮುಂದೆ ಕಟ್ಟು ಬಿಚ್ಚುವವರೆಗೂ ನಮ್ಮ ಮನೆಯಲ್ಲಿ ಊಟ ನಡೆಯಿತು. ನಾನು ಗವಸು ತೊಟ್ಟೆ. ಜಾಮೂನಿನ ಉಪಮೆಯನ್ನು ಸದ್ದಿಲ್ಲದೆ ಹಿಂತೆಗೆದುಕೊಂಡೆ. ಕೊಬ್ಬರಿಎಣ್ಣೆಯ ಕೃಪೆಯಿಂದ ಬೆರಳಸಂದಿಯ ಬಿರುಕುಗಳು ಕೂಡಿಕೊಂಡವು. ಓದುಗರೇ, ಕೈಯನ್ನು ಕೈಯೆಂದು ಗಮನಿಸಲು ನನಗೆ ಇಷ್ಟು ವಯಸ್ಸಾಗಬೇಕಾಯಿತು ನೋಡಿ. ಹಿಡಿಯುವ, ಅಗೆಯುವ, ಎತ್ತುವ ಸಾಮಾನು ಎಂದುಕೊಂಡಿದ್ದದ್ದು, ಇನ್ನೊಬ್ಬರು ನಂಬಿ ಬಾಯಿ ತೆರೆದಾಗ ಬೇರೆಯೇ ಏನೋ ಆಗುತ್ತದೆ. ಅದಕ್ಕಾಗಿ ಸೋಪಿಗೂ ನಂಜುಂಡಯ್ಯನವರಿಗೂ ನಾನು ಋಣಿ.

ಕಟ್ಟು ಬಿಚ್ಚಿದಾಗ ಅವಳ ಕೈ ಬಿಳಿಚಿ ಸಣ್ಣಗಾಗಿತ್ತು, ಉಗುರುಗಳು ಉದ್ದ ಬೆಳೆದಿದ್ದವು. ಅರಿಶಿನ ತುದಿಗಳಲ್ಲಿ ಮಾತ್ರ ಉಳಿದಿತ್ತು. ಎಡಗೈಯಿಂದ ಕತ್ತರಿಸಿಕೊಳ್ಳಲು ಬಾರದೆ ನನ್ನ ಮುಂದೆ ಚಾಚಿದಳು. ಹಳದಿ ಚೂರುಗಳು ಪೇಪರಿನ ಮೇಲೆ ಬಿದ್ದವು.

ಆ ಮಧ್ಯಾಹ್ನ ತಟ್ಟೆಗೆ ತಾನೇ ಕೈಯಿಟ್ಟಳು. ಬೆರಳು ಮಡಚಲೊಲ್ಲದೆ ಮೊದಲ ತುತ್ತು ತಟ್ಟೆಗೇ ಮರಳಿತು. ನಾನು ಮುಂದೆ ಬಾಗಿದೆ, "ಇರಿ" ಎಂದಳು. ಎರಡನೆಯದು ಅರ್ಧ ದಾರಿ ಬಂತು. ಮೂರನೆಯದು ಬಾಯಿ ಸೇರಿತು. ನಿಧಾನವಾಗಿ ಅಗಿದು ನುಂಗಿ, ಇಷ್ಟು ದಿನ ನನ್ನ ಕೈಯಿಂದ ತಿನ್ನುವಾಗ ದಾಕ್ಷಿಣ್ಯಕ್ಕೆ ಅದುಮಿಟ್ಟಿದ್ದ ತೀರ್ಪನ್ನು ಕೊನೆಗೂ ಹೊರಡಿಸಿದಳು.

"ಉಪ್ಪು ಕಮ್ಮಿ ರೀ. ದಿನಾ ಕಮ್ಮೀನೇ."

ಇಷ್ಟು ಒಳ್ಳೆಯ ಸುದ್ದಿ ಆ ಮಳೆಗಾಲದಲ್ಲಿ ನಾನು ಬೇರೆ ಕೇಳಿರಲಿಲ್ಲ. ಉಪ್ಪು ತರಲು ಎದ್ದೆ. ಕೈ ಹೇಗೂ ತೊಳೆದೇ ಇತ್ತು.