ಅಣ್ಣನ ಪಾರ್ಟು ಮಾಡಿದವಳು

ತೀರಿಹೋದ ನನ್ನ ಅಣ್ಣನನ್ನು ನೆನೆದಾಗಲೆಲ್ಲ ಸೀರೆಯುಟ್ಟ ಹುಡುಗಿಯೊಬ್ಬಳು ಕಣ್ಣೆದುರು ಬರುತ್ತಾಳೆ. ಹೊಳೆಯ ಬದಿಯಲ್ಲಿ ನಿಂತಿರುತ್ತಾಳೆ. ನಿಂತ ಭಂಗಿ ಅಣ್ಣನದು, ಮುಖ ಅವನದಲ್ಲ.

ಅಣ್ಣ ಸುಳ್ಯ ಪೇಟೆಯಲ್ಲಿ ದರ್ಜಿಯಾಗಿದ್ದ, ನಾಟಕಗಳಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದರೂ ನಮ್ಮ ಕಡೆಯ ಹವ್ಯಾಸಿ ತಂಡಗಳಿಗೆ ಹೆಂಗಸರು ಸಿಗುವುದು ಕಷ್ಟವಿತ್ತು. ಮೀಸೆ ತೆಗೆಸಲು ಒಪ್ಪುವ, ಏರು ಶ್ರುತಿಯಲ್ಲಿ ಹಾಡಬಲ್ಲ ಹುಡುಗರನ್ನು ಹುಡುಕಿಕೊಂಡು ಬರುತ್ತಿದ್ದರು. ಅಣ್ಣನಿಗೆ ಎರಡೂ ಒಪ್ಪಿತ್ತು. ರವಿಕೆಯನ್ನು ತಾನೇ ಹೊಲಿದುಕೊಳ್ಳುತ್ತಿದ್ದುದರಿಂದ ತಂಡದವರಿಗೆ ಆ ತಲೆಬಿಸಿಯೂ ಇರಲಿಲ್ಲ.

ನಮ್ಮದು ಜಾಲ್ಸೂರಿನಲ್ಲಿ ಸಣ್ಣ ಹೋಟೆಲು. ಕಾಸರಗೋಡಿನ ಬಸ್ಸುಗಳು ಅಲ್ಲಿ ನಿಂತು ಹೋಗುತ್ತಿದ್ದವು. ಅಪ್ಪ ಚಹಾದ ಪಾತ್ರೆಯ ಹತ್ತಿರ, ಅವ್ವ ಹಿಂದೆ ದೋಸೆಗೆ ಹಿಟ್ಟು ಕಡೆಯುವ ಕಲ್ಲಿನ ಹತ್ತಿರ. ನಾನು ಪುತ್ತೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಮನೆಯ ಮಾತು ಅರೆಭಾಷೆ, ಇಲ್ಲಿ ಅದನ್ನು ಊರ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

ಅಣ್ಣನಿಗೂ ನನಗೂ ಹಾಡುಗಳಿರುವ ನಾಟಕವೆಂದರೆ ಹುಚ್ಚು. ತುಳು ಆಗಬಹುದು, ಕನ್ನಡ ಆಗಬಹುದು, ಮಲಯಾಳವೂ ಆಗಬಹುದು. ಕಡಬದಿಂದ ಆಚೆ ನೆಲ್ಯಾಡಿಯ ಕಡೆ ರಬ್ಬರ್ ತೋಟ ಮಾಡಿಕೊಂಡಿದ್ದ ಕ್ರೈಸ್ತರು ಇಗರ್ಜಿಯ ಹಬ್ಬಕ್ಕೆ ಕೇರಳದಿಂದ ನಾಟಕ ತಂಡ ಕರೆಸುತ್ತಾರೆಂದು ತಿಳಿದು ಅಷ್ಟು ದೂರ ಹೋಗಿ ನೋಡಿ ಬಂದದ್ದಿದೆ. ಹಾಗೆ ನೋಡಿದ ನಾಟಕ ಮುಂದೆ ಸಿನೆಮಾ ಆಯಿತೆಂದರೆ ಕಾಸರಗೋಡಿಗೋ ಪುತ್ತೂರಿಗೋ ಹೋಗಿ ಅದನ್ನೂ ನೋಡಲೇಬೇಕು. ಬರುವಾಗ ಬಸ್ಸಿನಲ್ಲಿ ನಮ್ಮದು ಅದೇ ಚರ್ಚೆ. ಯಾವ ಹಾಡು ಉಳಿಯಿತು, ಯಾವುದನ್ನು ತೆಗೆದರು, ಸ್ಟೇಜಿನಲ್ಲಿ ನಮ್ಮನ್ನು ಅಷ್ಟು ಅಳಿಸಿದ ಜಾಗ ಸಿನೆಮಾದಲ್ಲಿ ಯಾಕೆ ಅಳಿಸಲಿಲ್ಲ.

ಒಮ್ಮೆ ಅಣ್ಣ ಹೇಳಿದ್ದ: "ಸ್ಟೇಜಲ್ಲಿ ಹಾಡುವಾಗ ಕಟ್ಟಕಡೆಗೆ ಚಾಪೆ ಹಾಕಿ ಕೂತವನಿಗೂ ಮುಟ್ಟಿಸ್ಬೇಕು ತಂಗಿ. ಸಿನೆಮಾದಲ್ಲಿ ಹಾಗಲ್ಲ. ಹೀರೋಯಿನ್ ಮೆಲ್ಲ ಬಾಯಿ ಅಲ್ಲಾಡಿಸಿದ್ರೆ ಸಾಕು, ಹಾಡು ತಾನಾಗಿ ನಿನ್ನ ಕಿವಿಗೆ ಬರ್ತದೆ."

"ಯಾವುದು ಒಳ್ಳೇದು ಹಾಗಾದ್ರೆ?"

"ಎರಡೂ ಬೇಕು ಮಾರಾಯ್ತಿ. ಒಂದು ನೋಡಿದ್ರೆ ಇನ್ನೊಂದು ನೋಡ್ಬೇಕು ಅಂತ ಕಾಣ್ತದೆ."

ಪುತ್ತೂರಿನಲ್ಲಿ ಒಬ್ಬರು ಪ್ರಾಥಮಿಕ ಶಾಲೆಯ ಮಾಷ್ಟ್ರು ನಾಟಕ ಬರೆಯುತ್ತಿದ್ದರು. ಹಾಡು ಕಟ್ಟಿ ಹಾರ್ಮೋನಿಯಂ ಬಾರಿಸುವುದೂ ಅವರೇ. ಅವರ ಒಂದು ತುಳು ನಾಟಕ ಅಣ್ಣನಿಗೆ ಹೆಸರು ತಂದಿತು. ದೋಣಿ ನಡೆಸುವವನ ಮಗಳೊಬ್ಬಳು, ಹೊಳೆ ದಾಟಿ ದುಡಿಯಲು ಹೋದ ಹುಡುಗನನ್ನು ಕಾಯುವ ಕಥೆ. ಅವಳು ದೋಣಿ ಕಡವಿನಲ್ಲಿ ನಿಂತು ಹಾಡುವ ಹಾಡೇ ನಾಟಕದ ಜೀವ. ಹಿಂದೆ ಹೊಳೆಯ ಚಿತ್ರ ಬರೆದ ಪರದೆ. ಗಾಳಿಗೆ ಪರದೆ ಅಲ್ಲಾಡಿದರೆ ನಿಜವಾಗಿಯೂ ತೆರೆ ಎದ್ದ ಹಾಗೆ ಕಾಣುತ್ತಿತ್ತು.

ಸುಳ್ಯದಲ್ಲಿ ಶಾಲೆಯ ಮೈದಾನದಲ್ಲಿ ಆ ನಾಟಕವಾದಾಗ ಅವ್ವ ನನ್ನ ಜೊತೆಗೆ ಬಂದಳು. ಅಪ್ಪ ಬರಲಿಲ್ಲ. ಮಗ ಸೀರೆ ಉಟ್ಟದ್ದನ್ನು ನೋಡಲು ತನಗೆ ಆಗುವುದಿಲ್ಲ ಎಂದುಬಿಟ್ಟ. ಅಣ್ಣ ರಂಗಕ್ಕೆ ಬಂದು ನಿಂತ. ಹಾಡು ಶುರುವಾಗುವ ಮೊದಲು ಹಣೆಗೆ ಬಿದ್ದ ಕೂದಲನ್ನು ಮಣಿಕಟ್ಟಿನ ಹಿಂಭಾಗದಿಂದ ಮೇಲಕ್ಕೆ ತಳ್ಳಿದ. ಬೆರಳುಗಳನ್ನು ಹಣೆಗೆ ತಾಗಿಸದೆ ಆಚೆಗೆ ಬಿಡಿಸಿ ಹಿಡಿದಿದ್ದ. ನನ್ನ ಪಕ್ಕದಲ್ಲಿ ಅವ್ವ ಬೆಚ್ಚಿದಳು.

ಅದು ಅವ್ವನದೇ ಅಭ್ಯಾಸ. ದಿನವಿಡೀ ಅವಳ ಬೆರಳಿಗೆ ದೋಸೆ ಹಿಟ್ಟು ಮೆತ್ತಿರುತ್ತಿತ್ತು. ಕೂದಲು ಕಣ್ಣಿಗೆ ಬಂದರೆ ಮಣಿಕಟ್ಟಿನಿಂದಲೇ ತಳ್ಳಬೇಕು. ಕೈ ತೊಳೆದು ಒಣಗಿದ ಮೇಲೂ ಹಾಗೆಯೇ ತಳ್ಳುತ್ತಿದ್ದಳು. ಅದು ಅವಳಿಗೂ ಗೊತ್ತಿರಲಿಲ್ಲ, ನಾನೂ ಅಲ್ಲಿಯವರೆಗೆ ಗಮನಿಸಿರಲಿಲ್ಲ. ರಂಗದ ಮೇಲೆ ಅದನ್ನು ಕಂಡ ಕೂಡಲೇ ಇಬ್ಬರಿಗೂ ಗೊತ್ತಾಯಿತು. ಕೆಳಗೆ ನೋಡುವ ಮೊದಲು ಗದ್ದವನ್ನು ಸ್ವಲ್ಪ ಎಡಕ್ಕೆ ಹೊರಳಿಸುವುದು, ಉತ್ತರ ಕೊಡುವ ಮೊದಲು ಸೆರಗಿನ ತುದಿಯಿಂದ ಕುತ್ತಿಗೆ ಒರೆಸುವುದು, ಎಲ್ಲವೂ ಅವಳದೇ.

ನಾಟಕ ಮುಗಿದ ಮೇಲೆ ಮುಖದ ಬಣ್ಣ ತೆಗೆಯುತ್ತಿದ್ದ ಅವನ ಎದುರು ಹೋಗಿ ಅವ್ವ ಕೇಳಿದಳು: "ನನ್ನನ್ನು ಯಾಕೆ ಇವರೆಲ್ಲರ ಎದುರು ತಂದು ನಿಲ್ಲಿಸಿದ್ದು?"

ಅವಳ ಸ್ವರದಲ್ಲಿ ಸಿಟ್ಟಿತ್ತೋ ನಾಚಿಕೆಯಿತ್ತೋ ನನಗೆ ತಿಳಿಯಲಿಲ್ಲ. ಅಣ್ಣ ನಕ್ಕ.

"ಮತ್ತೆ ಯಾರನ್ನು ನೋಡಿ ಕಲಿಯುದು ಅವ್ವ? ನನಗೆ ಗೊತ್ತಿರುವ ಹೆಂಗಸು ನೀನೊಬ್ಬಳೇ ಅಲ್ವಾ."

ಮುಂದೆ ಪುತ್ತೂರು, ಕಡಬ, ಮಂಡೆಕೋಲು ಎಂದು ಆ ನಾಟಕ ಎಲ್ಲ ಕಡೆ ಆಯಿತು. ಕಡಬದಲ್ಲಿ ಒಬ್ಬ ಅಜ್ಜಿ ಹುಡುಗಿಯನ್ನು ಸಮಾಧಾನ ಮಾಡಬೇಕೆಂದು ಬಣ್ಣದ ಕೋಣೆಗೇ ಬಂದರಂತೆ. ಲುಂಗಿ ಸುತ್ತಿಕೊಂಡು ಬೀಡಿ ಸೇದುತ್ತಿದ್ದ ಅಣ್ಣನ ಹತ್ತಿರವೇ "ಆ ಹುಡುಗಿ ಎಲ್ಲಿ?" ಎಂದು ಕೇಳಿದರಂತೆ. "ಮನೆಗೆ ಹೋದಳು ಅಜ್ಜಿ" ಎಂದನಂತೆ ಇವನು. ಇದನ್ನು ಅವನು ಹೋಟೆಲಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಆಗಲೇ ಮಂಗಳೂರಿನ ಯಾರೋ ಆ ನಾಟಕವನ್ನು ತುಳು ಸಿನೆಮಾ ಮಾಡುತ್ತಾರೆಂಬ ಸುದ್ದಿ ಬಂತು. ಮಾಷ್ಟ್ರೇ ಸಂಭಾಷಣೆ ಬರೆಯುವುದೆಂದಾಯಿತು. ಹುಡುಗಿಯ ಪಾರ್ಟಿಗೆ ನಿಜವಾದ ನಟಿಯೇ ಬರುತ್ತಾಳೆ ಎಂಬುದು ಯಾರೂ ಹೇಳದೆ ಅಣ್ಣನಿಗೆ ಗೊತ್ತಿತ್ತು. ಬೇಸರ ಆಯಿತಾ ಎಂದು ಕೇಳಿದೆ.

"ಎಂತಕ್ಕೆ ಬೇಸರ? ಹಾಡೊಂದು ಉಳಿದ್ರೆ ಸಾಕು. ಪಿಚ್ಚರ್ ಬಂದ ದಿನ ನಾವಿಬ್ಬರು ಮ್ಯಾಟ್ನಿಗೆ ಹೋಗುವ. ಅವಳು ನನಗಿಂತ ಚಂದ ಮಾಡಿದ್ಲಾ ನೀನೇ ಹೇಳ್ಬೇಕು."

ಆ ಮಳೆಗಾಲದಲ್ಲಿ ಅಣ್ಣನಿಗೆ ಕಾಮಾಲೆಯಾಯಿತು. ಮೊದಲು ಸೊಪ್ಪಿನ ಮದ್ದು, ಆಮೇಲೆ ಪುತ್ತೂರಿನ ಆಸ್ಪತ್ರೆ, ಆಮೇಲೆ ಮಂಗಳೂರು. ಕೊನೆಕೊನೆಗೆ ಅವನಿಗೆ ನಮ್ಮ ಗುರುತು ಸಿಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಆಗ ಹೋದ.

ಉತ್ತರಕ್ರಿಯೆ ಮುಗಿದ ಮರುದಿನದಿಂದಲೇ ಅವ್ವ ಹೋಟೆಲಿನ ಕೆಲಸಕ್ಕೆ ಇಳಿದಳು. ಮೈ ಒರೆಸುವ ಬೈರಾಸನ್ನು ತಲೆಗೆ ಬಿಗಿದು ಕಟ್ಟಿಕೊಂಡಿದ್ದಳು, ಕೂದಲು ಒಂದಿಷ್ಟೂ ಹೊರಗೆ ಬಾರದ ಹಾಗೆ. ಬೇಸಗೆ ಬಂದರೂ ಅದನ್ನು ಬಿಚ್ಚಲಿಲ್ಲ. ಮಗ ಹೋದ ಹೆಂಗಸು, ಅವಳಿಗೆ ಬೇಕಾದ ಹಾಗೆ ಇರಲಿ ಎಂದು ನಾವು ಯಾರೂ ಕೇಳಲಿಲ್ಲ. ಅಣ್ಣನ ನಾಟಕದ ಚವುರಿ ಕೂದಲು ಮಾತ್ರ ಒಳಕೋಣೆಯ ಗೂಟದಲ್ಲೇ ನೇತಾಡುತ್ತಿತ್ತು. ಸಂಜೆ ಹೊತ್ತಿಗೆ ಬಾಗಿಲು ದೂಡಿದರೆ ಯಾರೋ ಬೆನ್ನು ಹಾಕಿ ನಿಂತ ಹಾಗೆ ಕಾಣುತ್ತಿತ್ತು. ತೆಗೆದಿಡುತ್ತೇನೆ ಎಂದರೆ ಅವ್ವ ಬಿಡಲಿಲ್ಲ.

ಸಿನೆಮಾ ಪುತ್ತೂರಿಗೆ ಬಂದಾಗ ನಾನು ಕಾಲೇಜಿನ ಗೆಳತಿಯೊಬ್ಬಳ ಜೊತೆ ಮ್ಯಾಟ್ನಿಗೆ ಹೋದೆ. ಬಹಳ ಬದಲಾಗಿತ್ತು. ಹೊಸ ಹಾಡುಗಳು ಸೇರಿದ್ದವು, ನಗಿಸುವ ಜೋಡಿಯೊಂದು ಬಂದಿತ್ತು. ಬರೆದ ಪರದೆಯ ಬದಲು ನಿಜವಾದ ಹೊಳೆ. ಅದರಲ್ಲಿ ತೆರೆಯೇ ಇರಲಿಲ್ಲ, ಕನ್ನಡಿಯ ಹಾಗೆ ಬಿದ್ದಿತ್ತು. ಮೊದಲರ್ಧ ನನಗೆ ಖುಷಿಯೇ ಆಯಿತು. ಯಾವ ಮಾತು ಉಳಿಯಿತು, ಯಾವುದು ಹೋಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಅಣ್ಣನಿಗೆ ಹೇಳಲೆಂದೇ ಲೆಕ್ಕ ಹಾಕುತ್ತಿದ್ದೆನೆಂದು ನಡುವೆ ಒಮ್ಮೆ ಅರಿವಾಯಿತು, ಮನಸ್ಸು ಅಲ್ಲೇ ಕುಸಿಯಿತು.

ಆಮೇಲೆ ಕಡವಿನ ಹಾಡು ಬಂತು. ನಟಿ ತೆಳ್ಳಗಿನ ಚಂದದ ಹುಡುಗಿ, ನಮ್ಮ ಊರಿನವಳಲ್ಲ. ಹೊಳೆಯ ಬದಿಯಲ್ಲಿ ನಿಂತಳು. ಕೂದಲು ಹಣೆಗೆ ಬಿತ್ತು. ಬೆರಳುಗಳನ್ನು ಆಚೆಗೆ ಬಿಡಿಸಿ ಹಿಡಿದು, ಮಣಿಕಟ್ಟಿನ ಹಿಂಭಾಗದಿಂದ ಅದನ್ನು ಮೇಲಕ್ಕೆ ತಳ್ಳಿದಳು. ಗದ್ದವನ್ನು ಎಡಕ್ಕೆ ಹೊರಳಿಸಿ ನೀರನ್ನು ನೋಡಿದಳು.

ಅಷ್ಟು ದೊಡ್ಡ ಪರದೆಯ ತುಂಬ ಅಣ್ಣನಿದ್ದ, ಬೇರೊಬ್ಬಳ ಮೈಯಲ್ಲಿ. ಗೆಳತಿ "ಎಂತಾಯ್ತು?" ಎಂದಳು. ಪರದೆಯಿಂದ ಕಣ್ಣು ತೆಗೆಯದೆ ಅವಳ ಕೈ ಹಿಡಿದುಕೊಂಡೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಕೇಳಿದಳೋ ಇಲ್ಲವೋ ಎಂಬ ಹಾಗೆ ಕಡೆಯುತ್ತಲೇ ಇದ್ದಳು. ಕೆಲವು ದಿನ ಕಳೆದು, ಬಸ್ಸಿಗೆ ಹೊರಟ ನನ್ನ ಎದುರು ಒಳ್ಳೆಯ ಸೀರೆ ಉಟ್ಟು, ತಲೆಗೆ ಅದೇ ಬೈರಾಸು ಕಟ್ಟಿ ನಿಂತಿದ್ದಳು.

"ನನಗೊಮ್ಮೆ ತೋರಿಸು ಅದನ್ನು."

ಅಂದು ಟಾಕೀಸಿನಲ್ಲಿ ಜನ ಕಡಿಮೆಯಿದ್ದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಹಾಡು ಬಂತು, ನಟಿಯ ಕೈ ಮೇಲೆದ್ದಿತು. ಅವ್ವ ಅಳಲಿಲ್ಲ. ತನ್ನ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದು ಮಡಿಲಿಗೆ ಒತ್ತಿಕೊಂಡಳು. ಹಾಡು ಮುಗಿಯುವವರೆಗೂ ಬಿಡಲಿಲ್ಲ.

ಹೊರಗೆ ಬಂದ ಮೇಲೆ, "ಆ ಹುಡುಗಿಗೆ ಯಾರು ಕಲಿಸಿದ್ದು ಕೇಳ್ಬೇಕು" ಎಂದಳು. ಮಾಷ್ಟ್ರ ಮನೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಅವರು ಜಗಲಿಯಲ್ಲಿದ್ದರು. ನಮ್ಮನ್ನು ಕಂಡ ಕೂಡಲೇ ಎದ್ದು ನಿಂತರು.

"ನಾನೇ ಹೇಳಿಕೊಟ್ಟದ್ದು ಅಕ್ಕ," ಎಂದರು. "ಅವಳು ಬಂದು, ಈ ಹುಡುಗಿ ಹೇಗೆ ನಿಲ್ತಾಳೆ, ಹೇಗೆ ನೋಡ್ತಾಳೆ ಅಂತ ಕೇಳಿದ್ಳು. ನನಗೆ ಆ ಹುಡುಗಿ ಬೇರೆ ಥರ ಗೊತ್ತೇ ಇಲ್ಲ. ನಿಮ್ಮ ಮಗ ಮಾಡಿದ ಹಾಗೆಯೇ ಮಾಡಿ ತೋರಿಸಿದೆ. ಅವಳು ನಾಲ್ಕು ಸಲ ನೋಡಿ ಹಿಡಿದುಬಿಟ್ಟಳು. ನಿಮ್ಮನ್ನು ಕೇಳಿ ಮಾಡ್ಬೇಕಿತ್ತೇನೋ. ಆ ಹೊತ್ತಿಗೆ ಕೇಳುವ ಧೈರ್ಯ ಬರಲಿಲ್ಲ."

"ಅದು ಅವನದ್ದಲ್ಲ ಮಾಷ್ಟ್ರೆ," ಎಂದಳು ಅವ್ವ. "ನನ್ನದು."

ಮಾಷ್ಟ್ರಿಗೆ ಅರ್ಥವಾಗಲಿಲ್ಲ. ಅವ್ವ ಜಗಲಿಯ ಮೇಲೆ ಕೂತು ನಿಧಾನವಾಗಿ ಹೇಳಿದಳು: "ಅವನು ನನ್ನನ್ನು ನೋಡಿ ಕಲಿತದ್ದು. ಈಗ ನನ್ನ ಕೈ ತಲೆಗೆ ಹೋದ್ರೆ ನಾನು ಎತ್ತಿದ ಹಾಗೆ ಆಗುದಿಲ್ಲ, ಅವನು ಎತ್ತಿದ ಹಾಗೆ ಆಗ್ತದೆ. ಅದಕ್ಕೇ ಬೈರಾಸು ಕಟ್ಟಿದ್ದು. ಕೂದಲು ಬಿದ್ರೆ ಅಲ್ವಾ ಕೈ ಎತ್ತುದು."

ಮಾಷ್ಟ್ರು ತಲೆ ತಗ್ಗಿಸಿದರು. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟು ಅವ್ವನ ಬೆನ್ನಿಗೆ ಕೈ ಇಟ್ಟು ನಿಂತರು. ಆಗ ಮಾಷ್ಟ್ರು ಹೇಳಿದರು: "ಆ ಹುಡುಗಿ ಕೇಳಿದ್ಳು ಅಕ್ಕ, ಇದು ಯಾರ ಅಭ್ಯಾಸ ಅಂತ. ತೀರಿಹೋದ ಒಬ್ಬ ಹುಡುಗನದ್ದು ಅಂತ ಹೇಳಿದ್ದೇನೆ. ಅವಳು ಕೈ ಮುಗಿದು ಕ್ಯಾಮರಾದ ಎದುರು ಹೋದದ್ದು."

"ಚಂದ ಮಾಡಿದ್ದಾಳೆ" ಎಂದಳು ಅವ್ವ. ಅಷ್ಟೇ.

ಆಮೇಲೆ ಅವ್ವ ಆ ಸಿನೆಮಾವನ್ನು ಹಲವು ಸಲ ನೋಡಿದಳು. ಪುತ್ತೂರಿನಲ್ಲಿ ತೆಗೆದ ಮೇಲೆ ಸುಳ್ಯದ ಡೇರೆ ಟಾಕೀಸಿಗೆ ಬಂತು, ಅಲ್ಲಿಗೂ ಹೋದಳು. ಪಕ್ಕದವರು ನಗುವ ಜಾಗದಲ್ಲಿ ನಗುತ್ತಿದ್ದಳು. ನಾನೂ ಜೊತೆಗೆ ಹೋಗುತ್ತಿದ್ದೆ. ಬೈರಾಸು ಯಾವಾಗ ಬಿಚ್ಚಿದಳೆಂದು ನೆನಪಿಲ್ಲ. ಒಂದು ದಿನ ನೋಡುವಾಗ ತಲೆ ಬರಿದಾಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಎಂಬತ್ತರ ದಶಕದಲ್ಲಿ ನಾನು ಟೀಚರ್ ಆಗಿ ಕಡಬದ ಶಾಲೆಯೊಂದಕ್ಕೆ ಹೋದೆ. ಅಷ್ಟರಲ್ಲಿ ಆ ಸಿನೆಮಾದ ಹಾಡು ರೇಡಿಯೋದಲ್ಲಿ ಬರತೊಡಗಿತ್ತು. ಮಕ್ಕಳೂ ಹಾಡುತ್ತಿದ್ದರು. ಒಂದು ರಜೆಗೆ ಮನೆಗೆ ಬಂದಾಗ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವ್ವ ಕೇಳಿದಳು: "ಅವನು ಸ್ಟೇಜಲ್ಲಿ ಹಾಡುದು ಹೇಗಿತ್ತು? ಸ್ವಲ್ಪ ಹೇಳು ನೋಡುವ."

ಹಾಡಲು ಬಾಯಿ ತೆರೆದೆ. ಬಂದದ್ದು ರೇಡಿಯೋದ ಹೆಂಗಸಿನ ಸ್ವರ. ಅವಳ ಬಳುಕು, ಅವಳ ಎಳೆತ. ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದೆ, ಆಗಲೂ ಅದೇ ಬಂತು. ಅಣ್ಣನ ಸ್ವರಕ್ಕಾಗಿ ಒಳಗೆಲ್ಲ ಹುಡುಕಿದೆ. ಅದು ಎಲ್ಲೂ ಇರಲಿಲ್ಲ. ಆ ಕಾಲದಲ್ಲಿ ಟೇಪಿನಲ್ಲಿ ಹಿಡಿದಿಟ್ಟವರೂ ಇರಲಿಲ್ಲ. ಎಷ್ಟೋ ಸಲ ಪಕ್ಕದಲ್ಲೇ ಕೂತು ಕೇಳಿದ ಸ್ವರವನ್ನು ಸಿನೆಮಾ ಒರೆಸಿ ಹಾಕಿತ್ತು, ನಾನು ಖುಷಿಪಟ್ಟು ನೋಡಿದ ಸಿನೆಮಾ.

"ನನಗೂ ಹಾಗೆಯೇ ಆಗುದು" ಎಂದಳು ಅವ್ವ.

ಎದುರಿನ ಬೆಂಚಿನಲ್ಲಿ ಗ್ಲಾಸು ಒರೆಸುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. ಗಂಟಲು ಸರಿಮಾಡಿಕೊಂಡು ಹಾಡತೊಡಗಿದ. ಅಪ್ಪ ಹಾಡಿದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಒರಟು ಸ್ವರ, ಅಲ್ಲಲ್ಲಿ ಅಪಸ್ವರ. ಎರಡನೆಯ ನುಡಿಯ ನಡುವೆ, ಒಂದು ಪದವನ್ನು ಅರ್ಧಕ್ಕೇ ಮುರಿದು, ಉಸಿರೆಳೆದುಕೊಂಡು, ಉಳಿದರ್ಧ ಹೇಳಿದ. ಅಣ್ಣ ಅಲ್ಲೇ ಉಸಿರು ತೆಗೆದುಕೊಳ್ಳುತ್ತಿದ್ದ. ಬಿಗಿ ರವಿಕೆಯಲ್ಲಿ ಅಷ್ಟು ಉದ್ದದ ಸಾಲನ್ನು ಒಂದೇ ಉಸಿರಿಗೆ ಎಳೆಯಲು ಅವನಿಗೆ ಆಗುತ್ತಿರಲಿಲ್ಲ, ಆಮೇಲೆ ರವಿಕೆ ಇಲ್ಲದಾಗಲೂ ಅಲ್ಲೇ ನಿಲ್ಲಿಸುವುದು ರೂಢಿಯಾಗಿಬಿಟ್ಟಿತ್ತು. ಜನ ಅದನ್ನು ಅಳುವಿನ ಬಿಕ್ಕು ಎಂದುಕೊಳ್ಳುತ್ತಿದ್ದರು.

"ನೀವು ನಾಟಕ ನೋಡ್ಲೇ ಇಲ್ಲ ಅಲ್ವಾ?" ಎಂದಳು ಅವ್ವ.

"ನೋಡ್ಲಿಲ್ಲ," ಎಂದ ಅಪ್ಪ. "ಅವನು ಬೆಳಿಗ್ಗೆ ಹಿಂದೆ ಬಾವಿಕಟ್ಟೆಯಲ್ಲಿ ಪ್ರಾಕ್ಟೀಸ್ ಮಾಡ್ತಿದ್ದ. ಇಲ್ಲಿಗೆ ಕೇಳ್ತಿತ್ತು."

ಇನ್ನೊಮ್ಮೆ ಹಾಡಿ ಎಂದು ಅವ್ವ ಬೇಡಿಕೊಂಡಳು. ಅಷ್ಟರಲ್ಲಿ ಕಾಸರಗೋಡಿನ ಬಸ್ಸು ಬಂದು ನಿಂತಿತು. ಅಪ್ಪ ಗ್ಲಾಸುಗಳನ್ನೆತ್ತಿಕೊಂಡು ಎದ್ದ.