ಮಾವನವರ ಗಡ್ಡಿ ಪ್ರವಾಸ

ಇವತ್ತು ಬೆಳಗಿನಿಂದ ಪಡಸಾಲೆಯ ತುಂಬ ಹೊಸ ರಬ್ಬರಿನ ವಾಸನೆ. ಮೊಮ್ಮಗಳು ಗೆಳತಿಯರನ್ನು ಕೂಡಿಸಿಕೊಂಡು ಈಜಿನ ಟ್ಯೂಬುಗಳನ್ನು ಊದುತ್ತ ಕೂತಿದ್ದಾಳೆ. ಯಾವುದೋ ಹೆಸರಾಂತ ನಡುಗಡ್ಡೆಯಂತೆ, ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ಹೋಗಿ ಈಜಾಡಿ ಸಂಜೆಗೆ ತಿರುಗಿ ಬರುವುದಂತೆ. ಒಬ್ಬಳಿಗೆ ಶನಿವಾರ ಆಗದು, ಇನ್ನೊಬ್ಬಳಿಗೆ ಭಾನುವಾರ ಆಗದು. ಫೋನಿನಲ್ಲಿ ನಕಾಶೆ ತೆಗೆದು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದಾರೆ. ನಾನು ಒಳಗೆ ತೊಗರಿಬೇಳೆ ಆರಿಸುವ ನೆಪದಲ್ಲಿ ಕೂತಿದ್ದೇನೆ. ಕಣ್ಣು ಮೊರದ ಮೇಲೆ, ಕಿವಿ ಪಡಸಾಲೆಯಲ್ಲಿ. ಹೀಗೆ ಆರಿಸಿದ ಬೇಳೆಯಲ್ಲಿ ಕಲ್ಲು ಎಷ್ಟು ಉಳಿದಿರುತ್ತದೆಂದು ನೀವು ಕೇಳಬೇಡಿ.

ಪ್ರವಾಸದ ಯೋಜನೆಯೆಂದರೆ ನನಗೆ ನಮ್ಮ ಮಾವನವರೇ ನೆನಪಾಗುತ್ತಾರೆ. ಅವರಷ್ಟು ಚೆಂದಾಗಿ ಪ್ರವಾಸದ ತಯಾರಿ ಮಾಡಿದವರನ್ನೂ, ಅವರಷ್ಟು ಕಡಿಮೆ ಪ್ರವಾಸ ಮಾಡಿದವರನ್ನೂ ನಾನು ಕಂಡಿಲ್ಲ.

ನಾನು ಮದುವೆಯಾಗಿ ಸುರಪುರದ ಪಕ್ಕದ ರಂಗಂಪೇಟೆಗೆ ಬಂದಾಗ ಕನ್ನಡ ನಾಡು ಒಂದಾಗಿ ವರ್ಷವೂ ತುಂಬಿರಲಿಲ್ಲ. ಮಾವನವರು ಕಚೇರಿಯಲ್ಲಿ ಗುಮಾಸ್ತರು. ನಿಜಾಮರ ಕಾಲದಿಂದ ಉರ್ದುವಿನಲ್ಲಿ ಬರೆದು ಬರೆದು ಪಳಗಿದ ಕೈ, ಈಗ ನಡುವಯಸ್ಸು ದಾಟಿದ ಮೇಲೆ ಕನ್ನಡದಲ್ಲಿ ಅರ್ಜಿ ಬರೆಯಲು ಕಲಿಯುತ್ತಿತ್ತು. ಕಚೇರಿಯಲ್ಲಿ ಕಲಿತದ್ದನ್ನು ಮನೆಯಲ್ಲಿ ನಮ್ಮ ಮೇಲೆ ಪ್ರಯೋಗಿಸುತ್ತಿದ್ದರು. "ಊಟದ ಇಂತಜಾಮ್ ಆಯ್ತೇನು?" ಎಂದು ಕೇಳಿ, ತಕ್ಷಣ ನಾಲಿಗೆ ಕಚ್ಚಿಕೊಂಡು, "ಅಲ್ಲಲ್ಲ, ವ್ಯವಸ್ಥಾ, ವ್ಯವಸ್ಥಾ" ಎನ್ನುತ್ತಿದ್ದರು. ಊಟ ಎರಡೂ ಭಾಷೆಯಲ್ಲಿ ಒಂದೇ ಆಗಿರುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

ಹುಣಸಗಿಯ ಆಚೆ, ಕೃಷ್ಣಾ ಹೊಳೆಯ ನಡುವೆ ಆಗ ಒಂದು ಗಡ್ಡಿ ಇತ್ತು. ನಮ್ಮ ಕಡೆ ನಡುಗಡ್ಡೆಗೆ ಹಾಗೇ ಅನ್ನುವುದು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅದರ ಸುತ್ತ ತಿಳಿನೀರಿನ ಮಡುಗಳು ನಿಲ್ಲುತ್ತಿದ್ದವು. ಶಹಾಪುರದಿಂದ, ಯಾದಗಿರಿಯಿಂದ ಕೂಡ ಜನ ಬುತ್ತಿ ಕಟ್ಟಿಕೊಂಡು ಈಜಲು ಬರುತ್ತಿದ್ದರು. ಪ್ರತಿ ಬೇಸಿಗೆ ಮಾವನವರು ಆ ಗಡ್ಡಿಗೆ ನಮ್ಮ ಮನೆಯ ಸವಾರಿ ಹೊರಡಿಸುತ್ತಿದ್ದರು. ಎಲ್ಲಿ ಅಂದರೆ, ಅಂಗಳದಲ್ಲಿ. ಸುಣ್ಣದ ಕಡ್ಡಿ ಹಿಡಿದು ಹಾಸುಗಲ್ಲಿನ ಮೇಲೆ ಉದ್ದಕ್ಕೆ ಹೊಳೆ ಬರೆಯುವರು. ನಡುವೆ ಹಪ್ಪಳದಂಥ ಗಡ್ಡಿ. "ಹುಣಸಗಿ ತನಕ ಮೋಟಾರು, ಅಲ್ಲಿಂದ ಬಂಡಿ, ಇಲ್ಲಿ ಹರಿಗೋಲು." ಯಾರು ಯಾವ ಕಡೆ ಕೂಡಬೇಕು, ನೀರಿನ ಬಿಂದಿಗೆ ಯಾರ ಕೈಯಲ್ಲಿ, ಎಲ್ಲ ನಿಗದಿ. ಮೊಸಳೆ ಬಂದರೆ ಬಾರಿಸಲಿಕ್ಕೆ ಒಂದು ತಗಡಿನ ಡಬ್ಬಿ ಕೂಡ ಎತ್ತಿಟ್ಟಿದ್ದರು. ಇಷ್ಟಕ್ಕೂ ಅವರಿಗೆ ಈಜು ಬರುತ್ತಿರಲಿಲ್ಲ. ಬಚ್ಚಲಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗಲೂ ಕಣ್ಣು ಬಿಗಿಯಾಗಿ ಮುಚ್ಚುವ ಮನುಷ್ಯ.

ಮರುದಿನ ಬೆಳಿಗ್ಗೆ ಅತ್ತೆ ಅಂಗಳ ತೊಳೆಯುತ್ತಿದ್ದರು. ಹೊಳೆಯೂ ಹೋಯಿತು, ಗಡ್ಡಿಯೂ ಹೋಯಿತು. ಮಾವನವರು ಸಂಜೆ ಬಂದು ಬೇಸರವಿಲ್ಲದೆ ಮತ್ತೆ ಬರೆಯುತ್ತಿದ್ದರು.

ಆದರೆ ಪ್ರವಾಸ ಮಾತ್ರ ಒಂದು ವರ್ಷವೂ ಹೊರಡಲಿಲ್ಲವಂತೆ. ಓಣಿಯವರು, "ಯಜಮಾನ್ರ, ಈ ವರ್ಷನೂ ಅಂಗಳದಾಗ ಈಜ್ತೀರೇನ್ರಿ?" ಎಂದು ಕಾಡುತ್ತಿದ್ದರು. ಶಾಲೆಯಲ್ಲಿ ಮಾಸ್ತರಾಗಿದ್ದ ನನ್ನ ಗಂಡನೂ ನನಗೆ ಮೊದಲೇ ಹೇಳಿಬಿಟ್ಟಿದ್ದರು: "ಅಪ್ಪನ ಮಾತಿಗಿ ನೀ ಸೀರಿ ಆರಿಸಿ ಇಡಬ್ಯಾಡ. ಎಲ್ಲಿಗೂ ಹೋಗೂದಿಲ್ಲ." ಮಾವನವರು ನಗುತ್ತಿದ್ದರು. ಯಾರ ಮೇಲೂ ತಪ್ಪು ಹೊರಿಸುತ್ತಿರಲಿಲ್ಲ.

ಆ ಬೇಸಿಗೆಯೂ ಬಂಡಿ ಹೇಳಿದ್ದಾಯಿತು, ರೊಟ್ಟಿ ಬಡಿದದ್ದಾಯಿತು. ಹೊರಡುವ ಹಿಂದಿನ ಸಂಜೆ ಅತ್ತೆ ತಲೆಗೆ ಅರಿವೆ ಬಿಗಿದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತರು. "ತಲಿ ಸಿಡಿಯಾಕತ್ಯಾದ. ನೀವೆಲ್ಲ ಹೋಗಿ ಬರ್ರಿ." ಮಾವನವರು ಬಾಗಿಲಿಗೆ ಬಂದರು. "ನೀ ಇಲ್ದ ಹೆಂಗ? ಮುಂದಿನ ವರ್ಷ ಹೋಗಮು" ಎಂದು ಹುಣಸಗಿಯ ಬಂಡಿಯವನಿಗೆ ಬೇಡವೆಂದು ಹೇಳಿ ಕಳಿಸಲು ಅಂಗಳದಲ್ಲಿ ಚೀಟಿ ಬರೆಯುತ್ತ ಕೂತರು.

ಆಗ ನನಗೆ ತಿಳಿಯಿತು. ಪ್ರವಾಸ ಕೆಡಿಸುತ್ತಿದ್ದವರು ಮಾವನವರಲ್ಲ, ಅತ್ತೆ. ನಾನು ಹದಿನಾರರ ಹುಡುಗಿ. ಯಾವಾಗ ಬಾಯಿ ಮುಚ್ಚಬೇಕೆಂಬುದು ಇನ್ನೂ ಗೊತ್ತಿರಲಿಲ್ಲ. "ಅತ್ತಿ, ತಲಿ ಖರೇನ ನೋಯ್ತದೇನ್ರಿ?" ಎಂದೆ.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. "ಗಡ್ಡಿಗಿ ಹೋದ್ರ ಆಚಿ ದಂಡಿ ಕಾಣ್ತದವ್ವ" ಎಂದರು.

ಆಚೆ ದಂಡೆ ಅವರ ತವರು. ಹೊಳೆಯ ಮಳಲಲ್ಲಿ ಕಲ್ಲಂಗಡಿ ಬೆಳೆಯುವ ಮನೆ. ನಡೆಯುವ ಮೊದಲೇ ಈಜು ಕಲಿತವರು ಅವರು. ನಿಜಾಮರ ಆಡಳಿತ ಮುಗಿಯುವ ಆ ಗಲಾಟೆಯ ವರ್ಷ, ಅವರ ತಾಯಿಗೆ ಕಾಯಿಲೆ ಹೆಚ್ಚಾಗಿದೆಯೆಂದು ಸುದ್ದಿ ಬಂತು. ಗಂಡ ಹೆಂಡತಿ ಹೊಳೆಯ ತನಕ ಹೋದರು. ಹರಿಗೋಲುಗಳನ್ನೆಲ್ಲ ಸರಕಾರದವರು ದಂಡೆಗೆ ಎಳೆದು ಮಗುಚಿ ಹಾಕಿಸಿದ್ದರು. ಮಳೆಗಾಲದ ಹೊಳೆ ಕೆಂಪಗೆ ಉಕ್ಕುತ್ತಿತ್ತು. ಆಚೆ ದಂಡೆಯಲ್ಲಿ ಅತ್ತೆಯ ಅಣ್ಣ ನಿಂತು ಎರಡೂ ಕೈ ಬೀಸಿ ಕರೆಯುತ್ತಿದ್ದ.

"ನಾ ನೀರಿಗಿ ಇಳದೆ. ಇವ್ರು ನನ್ನ ಕೈ ಹಿಡಕೊಂಡ್ರು, ಬಿಡ್ಲಿಲ್ಲ. ಬೈದೆ, ಕಡದೆ. ಬಿಡ್ಲಿಲ್ಲ. ಅವ್ವ ಅವತ್ತೇ ಹೋದ್ಲು. 'ಈಜು ಬರ್ತಿತ್ತು, ಆದ್ರೂ ಬರ್ಲಿಲ್ಲ ಆಕಿ' ಅಂತ ನಮ್ಮಣ್ಣ ಊರ ಮುಂದ ಅಂದಾನ. ಅವತ್ತಿಂದ ಅವನ ಮನಿ ಹೊಸ್ತಿಲಾ ನಾ ತುಳದಿಲ್ಲ, ನನ್ನ ಹೊಸ್ತಿಲಾ ಅವ ತುಳದಿಲ್ಲ."

ಮಾತು ತೋಚದಿದ್ದಾಗ ನನ್ನ ಬಾಯಿಂದ ಬರುವುದು ನನ್ನ ಸುದ್ದಿಯೇ. "ನಾ ಹೊಳೀನ ನೋಡಿಲ್ರಿ ಅತ್ತಿ" ಎಂದೆ. ನನ್ನ ತವರು ಗುರುಮಠಕಲ್ ಕಡೆಯ ಗುಡ್ಡಗಾಡು. ಮದುವೆಯಾಗಿ ಬರುವಾಗ ಭೀಮಾ ಹೊಳೆ ದಾಟಿಯೇ ಬಂದಿದ್ದೆ. ಆದರೆ ಮದುಮಗಳ ಸೆರಗು ಗದ್ದದ ತನಕ ಇಳಿದಿತ್ತು. ಮೋಟಾರಿನಲ್ಲಿ ನನಗೆ ಕಂಡದ್ದು ನನ್ನ ಕಾಲುಂಗುರ ಮಾತ್ರ.

"ಏನಂದಿ? ಹೊಳಿ ನೋಡಿಲ್ಲ?" ಅತ್ತೆಗೆ ತಮ್ಮ ದುಃಖ ಮರೆತೇಹೋಯಿತು. ಯಾರೋ ಇಷ್ಟು ದಿನ ಉಪವಾಸ ಇದ್ದೆನೆಂದು ಹೇಳಿದಂತೆ ನನ್ನನ್ನು ನೋಡಿದರು. ತಲೆಯ ಅರಿವೆ ಬಿಚ್ಚಿ ಬಾಗಿಲಿಗೆ ಹೋಗಿ ಕೂಗಿದರು: "ಏನ್ರೀ, ಬಂಡಿ ಬ್ಯಾಡ ಅನ್ನಬ್ಯಾಡ್ರಿ! ಈ ಹುಡುಗಿ ಹೊಳೀನ ನೋಡಿಲ್ಲಂತ!"

ಮರುದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಮಾವನವರ ಯೋಜನೆಯಲ್ಲಿ ಒಂದೂ ಸರಿಯಾಗಿ ನಡೆಯಲಿಲ್ಲ. ಮೋಟಾರು ದಾರಿಯಲ್ಲಿ ಕೆಟ್ಟು ನಿಂತಿತು. ಬಿಂದಿಗೆ ಉರುಳಿತು. ಮೊಸಳೆಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ಅವರು ಮಾತ್ರ ದಾರಿಯುದ್ದಕ್ಕೂ ಮದುವೆ ದಿಬ್ಬಣದ ಹಿರಿಯನಂತೆ ನೆಟ್ಟಗೆ ಕೂತಿದ್ದರು.

ಗಡ್ಡಿಯ ಮೇಲೆ ಜನವೋ ಜನ. ಬಂಡೆಯಿಂದ ಧುಮುಕುವವರು, ಸೋರೆ ಬುರುಡೆ ಕಟ್ಟಿಕೊಂಡು ತೇಲುವವರು, ಒದ್ದೆ ಬಟ್ಟೆ ಹಿಂಡುವವರು. ಅತ್ತೆ ಜಾಲಿಮರದ ಕೆಳಗೆ, ಆಚೆ ದಂಡೆಗೆ ಬೆನ್ನು ಹಾಕಿ ಕೂತರು.

"ನೋಡಿದೇನವ್ವ ಹೊಳಿ? ಹೆಂಗದ?"

ಏನಾದರೂ ಚೆಂದದ ಮಾತು ಹೇಳಬೇಕೆಂದು ಬಹಳ ಯೋಚಿಸಿದೆ. "ಭಾಳ ನೀರ ಅದರಿ" ಎಂದೆ.

ಅತ್ತೆ ನಕ್ಕರು. ನಾನು ಬಂದ ಮೇಲೆ ಅವರು ಬಾಯಿ ತೆರೆದು ನಕ್ಕದ್ದು ಅದೇ ಮೊದಲು. ನಗುತ್ತಲೇ ನೀರಿನ ಕಡೆ ತಿರುಗಿದರು. ಆಚೆ ದಂಡೆ ಕಂಡಿತು. ನಗು ನಿಧಾನವಾಗಿ ನಿಂತಿತು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಯಾರನ್ನೂ ಕೇಳದೆ ನೀರಿಗಿಳಿದರು.

ನಾನು ಮಾವನವರನ್ನು ನೋಡಿದೆ. ಬಂಡೆಯ ಮೇಲೆ ಕೂತಿದ್ದರು. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು, ಅವು ತಮ್ಮ ಮಾತು ಕೇಳದೆ ಎಲ್ಲಿ ಚಾಚಿಬಿಡುತ್ತವೋ ಎನ್ನುವ ಹಾಗೆ.

ಅತ್ತೆಯ ತಲೆ ದೂರ ದೂರವಾಗಿ ಚಿಕ್ಕದಾಯಿತು. ನನ್ನ ಗಂಡ ಗಾಬರಿಯಾಗಿ ಅಂಬಿಗನನ್ನು ಕರೆದರು. "ಹರಿಗೋಲು ತಗೊಂಡು ಅವ್ವನ ಹಿಂದ ಹೋಗಪ್ಪ!"

"ಬ್ಯಾಡ," ಎಂದರು ಮಾವನವರು. "ಆಕಿ ದಾರಿ ಆಕಿಗಿ ಗೊತ್ತದ."

ಆಚೆ ದಂಡೆಯಲ್ಲಿ ನೀರಿನಿಂದ ಒಂದು ಆಕಾರ ಎದ್ದು ನಿಂತದ್ದು ಕಂಡಿತು. ಮೇಲೆ ಹತ್ತಿತು. ಮನೆಗಳ ನಡುವೆ ಮರೆಯಾಯಿತು. ಬಿಸಿಲು ನೆತ್ತಿಗೆ ಬಂತು. ಸುತ್ತಲಿನವರೆಲ್ಲ ಉಂಡರು. ನಮ್ಮ ಬುತ್ತಿ ಗಂಟು ಬಿಚ್ಚಲಿಲ್ಲ. ಮಾವನವರು ಒಂದು ತೊಟ್ಟು ನೀರೂ ಕುಡಿಯಲಿಲ್ಲ.

ಕೊನೆಗೆ ಆ ಕಡೆಯಿಂದ ಒಂದು ಹರಿಗೋಲು ಬಂತು. ಅದರಲ್ಲಿ ಅತ್ತೆ ಯಾರದೋ ಒಣ ಸೀರೆ ಉಟ್ಟು ಕೂತಿದ್ದರು. ತೊಡೆಯ ಮೇಲೆ ದೊಡ್ಡ ಕಲ್ಲಂಗಡಿ. ಹುಟ್ಟು ಹಾಕುತ್ತಿದ್ದವನು ಬಿಳಿ ರುಮಾಲಿನ ಮುದುಕ, ಅವರ ಅಣ್ಣ. ಮುಖ ನೋಡಿದರೆ ಇಬ್ಬರೂ ಅತ್ತಿದ್ದರೆಂದು ತಿಳಿಯುತ್ತಿತ್ತು.

ಬುತ್ತಿ ಬಿಚ್ಚಿದೆವು. ಅಣ್ಣ ಒಂದು ತುತ್ತು ತಿಂದು, "ಪುಂಡಿಪಲ್ಯಕ್ಕ ಉಪ್ಪ ಕಮ್ಮಿ ಆಗ್ಯಾದ" ಎಂದ. ಮಾಡಿದವಳು ನಾನು, ನೆಲಕ್ಕಿಳಿದುಹೋದೆ.

"ನಮ್ಮ ಸೊಸಿ ಮಾಡ್ಯಾಳ. ಸುಮ್ನ ತಿನ್ನು" ಎಂದು ಅತ್ತೆ ಗದರಿದರು.

ಅವನು ನಕ್ಕ. ರೊಟ್ಟಿ ಹಿಡಿದ ಕೈಯ ಹಿಂಬದಿಯಿಂದಲೇ ಕಣ್ಣೊರೆಸಿಕೊಂಡು ಮಾವನವರ ಕಡೆ ತಿರುಗಿದ. "ಅವತ್ತ ನೀವು ಆಕಿ ಕೈ ಬಿಡ್ಲಿಲ್ಲ ಅಂತ ನಿಮಗ ಭಾಳ ಬೈದೀನ್ರಿ. ಬಿಟ್ಟಿದ್ರ ಒಂದ ದಿನದಾಗ ಅವ್ವ, ತಂಗಿ ಇಬ್ರನೂ ಕಳ್ಕೋತಿದ್ದೆ. ತಂಗೀನ ಉಳಿಸಿ ಕೊಟ್ರಿ ನನಗ."

ಕಚೇರಿಯ ಮಾತುಗಳೆಲ್ಲ ಬಲ್ಲ ಮಾವನವರಿಗೆ ಆಗ ಉರ್ದುವೂ ಸಿಗಲಿಲ್ಲ, ಕನ್ನಡವೂ ಸಿಗಲಿಲ್ಲ. "ಕಲ್ಲಂಗಡಿ ಕೊಯ್ರಿ, ಬಿಸಲಿಗಿ ಕಾಯ್ತದ" ಎಂದರು.

ಮುಂದಿನ ಬೇಸಿಗೆಗಳಲ್ಲಿ ಗಡ್ಡಿಗೆ ಹೋಗುವುದು ನಮಗೆ ನೆಂಟರ ಮನೆಗೆ ಹೋದಷ್ಟೇ ಸಲೀಸಾಯಿತು. ಅತ್ತೆ ನನ್ನ ನಡುವಿಗೆ ಸೋರೆ ಬುರುಡೆ ಕಟ್ಟಿ ಮಡುವಿಗೆ ತಳ್ಳಿ, ದಂಡೆಯಲ್ಲಿ ನಿಂತು ಬೈಯುತ್ತ ಈಜು ಕಲಿಸಿದರು. ಮಾವನವರು ಕೊನೆಯ ತನಕ ಮೊಳಕಾಲಿಗಿಂತ ಆಳದ ನೀರಿಗೆ ಇಳಿಯಲಿಲ್ಲ. ಈಗ ಅವರಿಬ್ಬರೂ ಇಲ್ಲ. ಮೇಲೆ ಅಣೆಕಟ್ಟು ಬಂದ ಮೇಲೆ ಹೊಳೆಯೂ ಆ ಹೊಳೆಯಲ್ಲ.

ಬೇಳೆ ಬದಿಗಿಟ್ಟು ಇದನ್ನು ಬರೆಯುತ್ತ ಬರೆಯುತ್ತ ಮಧ್ಯಾಹ್ನವಾಗಿದೆ. ಇಷ್ಟು ವರ್ಷ ಮಕ್ಕಳು ಎಲ್ಲಿಗೆ ಕರೆದರೂ "ನನಗ್ಯಾಕ, ನೀವು ಹೋಗಿ ಬರ್ರಿ" ಎನ್ನುವುದು ನನಗೂ ರೂಢಿಯಾಗಿಬಿಟ್ಟಿತ್ತು. ಈಗ ಎದ್ದು ಪಡಸಾಲೆಗೆ ಹೋಗಿ, "ನಾನೂ ಬರ್ತೀನಿ" ಎಂದೆ.

ಹುಡುಗಿಯರು ಊದುವುದನ್ನು ನಿಲ್ಲಿಸಿದರು. "ಅಜ್ಜಿ, ನಿನಗ ಈಜು ಬರ್ತದೇನು?" ಎಂದಳು ಮೊಮ್ಮಗಳು.

"ಬರ್ತದ. ನಮ್ಮ ಅತ್ತಿ ಕಲಿಸ್ಯಾರ."

ಅಡುಗೆಮನೆಯಿಂದ ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳನ್ನು ಬೆಳಗಿನಿಂದ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. "ಅತ್ತಿ," ಎಂದಳು, "ನಾನೂ ಬರ್ಲೇನ್ರಿ?"

"ಬಾರವ್ವ" ಎಂದೆ. ಮೊಮ್ಮಗಳಿಗೆ ಹೇಳಿದೆ: "ಜೀಪಿನ್ಯಾಗ ಇಬ್ರಿಗಿ ಜಾಗಾ ಹಿಡಿ."