ಚಿಕ್ಕಪ್ಪನ ನಾಲ್ಕು ಹಲ್ಲು

ಫ್ರೆಂಡ್ಸ್, ಬೆಳಿಗ್ಗೆಯಿಂದ ಚಿಕ್ಕಪ್ಪ ನನ್ನ ಹತ್ರ ಮಾತು ಬಿಟ್ಟಿದ್ದಾರೆ. ತಪ್ಪು ನಂದೇ. ಕಾಲೇಜಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡೋ ನನ್ನದೇ.

ಅವರ ಮಗ ಮಂಜುಗೆ ಹೆಣ್ಣು ನೋಡ್ತಿದ್ದಾರೆ. ಬಯೋಡೇಟಾ ಪ್ರಿಂಟ್ ಮಾಡ್ಕೊಡು ಅಂದ್ರು. ಚಿಕ್ಕಪ್ಪನ ವಿವರ ಎಲ್ಲಾ ನನ್ನ ಹಳೇ ಪ್ರೋಗ್ರಾಮಲ್ಲಿತ್ತು. ಊರು, ಮನೆದೇವ್ರು, ಹಿಪ್ಪುನೇರಳೆ ತೋಟದಿಂದ ಹಿಡಿದು ಡಾಕ್ಟರಿಗೆ ತೋರಿಸೋ ಕಾಯಿಲೆವರೆಗೆ. ಮತ್ಯಾಕೆ ಟೈಪ್ ಮಾಡೋದು ಅಂತ ಮಂಜು ಆಬ್ಜೆಕ್ಟ್‌ಗೆ, ಅಂದ್ರೆ ಅವನ ವಿವರದ ಪಟ್ಟಿಗೆ, ಹೆಸರು, ವಯಸ್ಸು, ಓದು ಮಾತ್ರ ಹಾಕಿ, ಉಳಿದಿದ್ದು ಅಪ್ಪನಿಂದ ತಗೋ ಅಂತ ಕಂಪ್ಯೂಟರಿಗೆ ಹೇಳ್ದೆ. ಆಮೇಲೆ ಒಂದು ಲೂಪ್ ಬರೆದು, ಇರೋ ಪ್ರಾಪರ್ಟಿ, ಅಂದ್ರೆ ಒಂದೊಂದು ವಿವರ, ಎಲ್ಲಾ ಪ್ರಿಂಟ್ ಮಾಡು ಅಂದೆ. ಎಲ್ಲಾನೂ ಮಾಡ್ತು.

ನಾನೂ ಓದ್ಲಿಲ್ಲ, ಚಿಕ್ಕಪ್ಪನೂ ಓದ್ಲಿಲ್ಲ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಮಂಚೇನಹಳ್ಳಿಯ ಹುಡುಗಿ ಮನೆಗೆ ಕಳಿಸಿಬಿಟ್ರು.

ಇವತ್ತು ಬೆಳಿಗ್ಗೆ ಹುಡುಗಿಯ ಅಜ್ಜಿ ಫೋನ್ ಮಾಡಿದ್ರು. ಸ್ಪೀಕರ್ ಆನ್ ಇತ್ತು.

"ಏನಪ್ಪ, ಹುಡುಗನಿಗೆ ಇಪ್ಪತ್ತೆಂಟು ಅಂತೀರ. ಎರಡೂ ಮಂಡಿ ನೋವು, ನಾಲ್ಕು ಕಟ್ಟಿಸಿದ ಹಲ್ಲು, ಜೋರು ಗೊರಕೆ ಅಂತ ಹಾಕಿದ್ದೀರಲ್ಲ?"

ಚಿಕ್ಕಪ್ಪ ನನ್ನ ದುರುಗುಟ್ಟಿ ನೋಡ್ತಾ, "ಹಲ್ಲು ನಂದಮ್ಮ" ಅಂದ್ರು.

"ಮಂಡಿ?"

"ಅದೂ ನಂದೇ."

ಅಜ್ಜಿ, "ಇರ್ಲಿ ಬಿಡಪ್ಪ. ಅಪ್ಪಂದಲ್ದೆ ಮಗನಿಗೆ ಇನ್ಯಾರ್ದು ಬರತ್ತೆ? ನಮ್ಮ ಹುಡುಗಿಗೆ ಮೊದ್ಲೇ ಗೊತ್ತಾದಂಗಾಯ್ತು. ಭಾನುವಾರ ಬನ್ನಿ" ಅಂದ್ರು.

ಹಲ್ಲು, ಮಂಡಿ ನಿಧಾನಕ್ಕೆ ಬರ್ಲಿ. ಗೊರಕೆ ಮಂಜುಗೆ ಈಗಾಗ್ಲೇ ಬಂದಿದೆ. ಅದರ ಬಗ್ಗೆ ಮಾತ್ರ ಸ್ಪೀಕರ್ ಸುತ್ತ ಕೂತಿದ್ದ ನಾವ್ಯಾರೂ ಬಾಯಿ ಬಿಡಲಿಲ್ಲ.